ಅತ್ತಿಗೆಯನ್ನು ಉಳಿಸಿಕೊಟ್ಟ ವಕೀಲಮ್ಮ

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಪೊಲೀಸರ ಬೈಕು ಪಾಂಡವಪುರದ ನಮ್ಮ ಮನೆ ಮುಂದೆ ನಿಂತಿತು. ಅತ್ತಿಗೆ ಶಾಂತಿ ಹಾಕಿದ್ದ ಪೌರತ್ವದ ಅರ್ಜಿಯ ವಿಚಾರಣೆ. ಅವರು ಶ್ರೀಲಂಕಾದವರು, ದುಬೈನಲ್ಲಿ ದುಡಿಯುತ್ತಿದ್ದ ಅಣ್ಣನನ್ನು ಮದುವೆಯಾಗಿ ಬಂದು, ಅವನು ತೀರಿಕೊಂಡ ಮೇಲೂ ನಮ್ಮೊಂದಿಗೇ ಉಳಿದವರು.

"ಸೊಸೆ ಯಾವೂರೋಳಮ್ಮ?" ಎಂದು ಪೊಲೀಸಿನವರು ಕೇಳಿದ್ದೇ ತಡ, ಅವ್ವ, "ನಮ್ಮಣ್ಣನ ಮಗ್ಳು ಸಾಮಿ, ನಾಗಮಂಗಲದೋಳು" ಅಂದುಬಿಟ್ಟಳು. ನೆರೆಯವರೂ ಹೌದೆಂದು ತಲೆಯಾಡಿಸಿದರು.

"ಅಂಗಾದ್ರೆ ಈ ಶ್ರೀಲಂಕಾ ಪಾಸ್‌ಪೋರ್ಟು ಯಾರ್ದು? ಎರಡ್ರಲ್ಲಿ ಯಾವ್ದೋ ಒಂದು ಸುಳ್ಳು. ನಾಳೆ ಸ್ಟೇಷನ್ನಿಗೆ ಬನ್ನಿ."

ಬೈಕು ಹೊರಟದ್ದೇ ನಾನು ವಕೀಲರಿಗೆ ಫೋನು ಮಾಡಿದೆ. ಅರ್ಜಿ ಬಿದ್ದುಹೋದರೆ ಅತ್ತಿಗೆ ದೇಶ ಬಿಡಬೇಕಾಗುತ್ತಿತ್ತು. ಈಗಲೂ ಮನೆ ಮುಂದೆ ಬೈಕು ನಿಂತರೆ ನಾನು ಮೊದಲು ಕಿಟಕಿಯಿಂದ ಇಣುಕಿ ನೋಡುತ್ತೇನೆ.

ಅರ್ಜಿ ಬರೆಸಿದ್ದ ಶ್ರೀರಂಗಪಟ್ಟಣದ ವಕೀಲೆ ವನಜಾಕ್ಷಮ್ಮ ಸಂಜೆಯೇ ಬಸ್ಸಿಳಿದು ಬಂದರು. ಅವರ ಕರಿಕೋಟು ಸದಾ ಊಟದ ಡಬ್ಬಿಯ ಚೀಲದಲ್ಲೇ ಇರುತ್ತಿತ್ತು. ತೊಟ್ಟರೆ ಕೋರ್ಟಿನಲ್ಲೂ ಒಗ್ಗರಣೆಯ ವಾಸನೆ. ಯಾರಾದರೂ ಕಥೆ ಕಟ್ಟತೊಡಗಿದರೆ ಅಂಗೈ ಅಡ್ಡ ಹಿಡಿದು, "ಅದ್ನ ಅತ್ಲಾಗ್ ಮಡಗಿ, ನಡೆದದ್ದು ಏಳಿ" ಅನ್ನುವುದು ಅವರ ಅಭ್ಯಾಸ.

"ಉಳಿಸ್ಕೊಳಕ್ಕೋಗಿ ಕಳ್ಕೊಳೋ ಕೆಲ್ಸ ಮಾಡ್ಬುಟ್ಟಲ್ಲವ್ವಾ" ಅಂದರು ಅವ್ವನಿಗೆ.

"ಬ್ಯಾರೆ ದೇಸದೋಳು ಅಂದ್ರೆ ಕರ್ಕೊಂಡೋಗ್ಬುಡ್ತಾರೇನೋ ಅಂತ ಕಣವ್ವಾ."

"ನಿಮ್ಮಣ್ಣನ ಮಗ್ಳಾಗಿದ್ರೆ ಅರ್ಜಿ ಯಾಕ್ ಬೇಕಿತ್ತು? ಎಲ್ಲಿಂದ ಬಂದ್ಲೋ ಅದ್ನ ಏಳು. ಎಂಗೆ ನಿಮ್ಮೋಳಾದ್ಲು ಅನ್ನೋದ್ನೂ ಏಳು."

ಮರುದಿನ ಸ್ಟೇಷನ್ನಿನಲ್ಲಿ ಅವ್ವ ಹೇಳಿದಳು: "ಎದ್ರಿ ಸುಳ್ಳೇಳ್ದೆ ಸಾಮಿ. ಸಮುದ್ರದಾಚೆಯೋಳು. ಬಂದಾಗ ಮುದ್ದೆ ಕಟ್ಟಕ್ಕೂ ಬರ್ತಿರ್ನಿಲ್ಲ, ನಮ್ ಬಾಸೆನೂ ಬರ್ತಿರ್ನಿಲ್ಲ. ಈಗ ನನ್ನೇ ಬಯ್ತಾಳೆ."

"ಏನಂತ ಬಯ್ತಾಳೆ?"

ಅತ್ತಿಗೆ ಅವ್ವನ ಸೆರಗು ಜಗ್ಗಿದರು. "ಸುಮ್ಕಿರತ್ತೇ, ಮನೆ ಮಾತೆಲ್ಲ ಇಲ್ಲಿ ಯಾಕ್ ಏಳೀಯೆ?"

ಪೊಲೀಸಿನವರು ನಕ್ಕುಬಿಟ್ಟರು. "ಕನ್ನಡ ಬರುತ್ತಾ ಅಂತ ನಾನಿನ್ನು ಕೇಳಂಗಿಲ್ಲ ಬುಡಿ" ಎಂದು ಅವ್ವನ ಹೊಸ ಹೇಳಿಕೆ ಬರೆದುಕೊಂಡರು. ವನಜಾಕ್ಷಮ್ಮ ಅದನ್ನು ಎರಡು ಸಲ ಓದಿಸಿ ಕೇಳಿದ ಮೇಲೆಯೇ ಅವ್ವನಿಂದ ಹೆಬ್ಬೆಟ್ಟು ಒತ್ತಿಸಿದರು.

ಆಮೇಲೆ ಬಹಳ ಕಾಲ ಕಾದೆವು. ಪೌರತ್ವದ ಪತ್ರ ಬಂದ ದಿನ ವನಜಾಕ್ಷಮ್ಮ ನಮ್ಮ ಮನೆಗೆ ಊಟಕ್ಕೆ ಬಂದರು. ಕೈ ತೊಳೆಯುತ್ತ, "ಈಗ ಏಳವ್ವಾ, ಯಾರ ಮಗ್ಳು?" ಅಂದರು.

"ನಮ್ಮಣ್ಣನ ಮಗ್ಳು ಕಣವ್ವಾ."

"ಇನ್ನು ಎಂಗಾದ್ರೂ ಏಳ್ಕೊ, ನನ್ ತಂಟೆ ಇಲ್ಲ."

ಅದೇ ಕೊನೆಯ ಭೇಟಿ. ಆ ಮಳೆಗಾಲದಲ್ಲೇ ಅವರು ತೀರಿಕೊಂಡರು. ಅವರನ್ನು ನೆನೆದಾಗೆಲ್ಲ ನನಗೆ ಅವರು ಉಂಡು ಹೋದ ಮರುದಿನದ ಬೆಳಗು ಕಣ್ಣಿಗೆ ಬರುತ್ತದೆ. ಬೈಕಿನ ಸದ್ದಿಗೆಲ್ಲ ಎದ್ದು ಕೂರುತ್ತಿದ್ದ ಅತ್ತಿಗೆ ಅಂದು ಬಿಸಿಲೇರುವವರೆಗೂ ಮಲಗಿದ್ದರು. ಡೇರಿಗೆ ಹಾಲು ಒಯ್ಯುವವರ ಬೈಕುಗಳು ಒಂದೊಂದಾಗಿ ಹೋದವು. ಎಬ್ಬಿಸಬೇಡವೆಂದು ಅವ್ವ ಬಾಗಿಲಲ್ಲೇ ಕಾವಲು ಕೂತಿದ್ದಳು.