ನನ್ನ ಮಾತ್ರೆ, ಭಟ್ಟರ ಬೆರಳು

ಅರ್ಧತಲೆನೋವಿನ ಮಾತ್ರೆಯನ್ನು ಡಾಕ್ಟರು ಬರೆದುಕೊಟ್ಟದ್ದು ನನಗೆ. ಅದನ್ನು ದೋಸೆ ಭಟ್ಟರಿಗೆ ಕೊಟ್ಟವನೂ ನಾನೇ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಸಾಂತಾಕ್ರೂಜ್ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ನಾನು ಕೂರುತ್ತಿದ್ದೆ. ಹಗಲು ಲೋಟ ತೊಳೆದು, ಸಂಜೆ ಕನ್ನಡ ನೈಟ್ ಸ್ಕೂಲಿಗೆ ಹೋಗಿ ಮೆಟ್ರಿಕ್ ಮುಗಿಸಿದ್ದೆ. ಅಲ್ಲಿನ ಕೆಲಸದವರಲ್ಲಿ ಮಾತ್ರೆಯ ಮೇಲಿನ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ. ಹಾಗಾಗಿ ಎಲ್ಲರ ಜ್ವರ, ಭೇದಿ, ಹಲ್ಲುನೋವಿಗೂ ಗಲ್ಲಾದ ಕೆಳಗಿನ ನನ್ನ ಡ್ರಾಯರೇ ಔಷಧದಂಗಡಿ. ಡಾಕ್ಟರ ಹತ್ತಿರ ಹೋದರೆ ಅರ್ಧ ದಿನದ ಕೆಲಸ ತಪ್ಪುತ್ತಿತ್ತು.

ನನಗೆ ನೋವು ಬಂದರೆ ಎಡಗಣ್ಣಿನ ಹಿಂದೆ ಯಾರೋ ಮೊಳೆ ಹೊಡೆದ ಹಾಗೆ. ಒಗ್ಗರಣೆಯ ವಾಸನೆಗೇ ವಾಂತಿ. ಡಾಕ್ಟರಮ್ಮ ನನ್ನ ಬಿ.ಪಿ. ನೋಡಿ, ಎದೆ ಪರೀಕ್ಷಿಸಿ, ಆಮೇಲೆ ಬರೆದುಕೊಟ್ಟಿದ್ದರು. ನೋವು ಶುರುವಾಗುವಾಗಲೇ ನುಂಗಬೇಕು, ಕತ್ತಲ ಕೋಣೆಯಲ್ಲಿ ಮಲಗಬೇಕು. ದಿನಕ್ಕೂ ವಾರಕ್ಕೂ ಹೇಳಿದ ಮಿತಿ ದಾಟಬಾರದು. "ಇದು ರಕ್ತನಾಳ ಬಿಗಿ ಮಾಡುವ ಮದ್ದು. ನಿಮಗೆ ಮಾತ್ರ. ಪಕ್ಕದವರಿಗೆ ತಲೆನೋವು ಅಂತ ಹಂಚಬೇಡಿ," ಎಂದಿದ್ದರು. ಡಬ್ಬಿಯೊಳಗಿನ ಕಾಗದದಲ್ಲೂ ಅದೇ ಇತ್ತು. ಓದಿದ್ದೆ.

ಒಂದು ಬೆಳಿಗ್ಗೆ ಕಾವಲಿಯ ಮುಂದೆ ಭಟ್ಟರು ತಲೆ ಹಿಡಿದು ಕೂತರು. ಆಫೀಸಿಗೆ ಹೋಗುವವರ ಗದ್ದಲ. ಮಸಾಲೆ ದೋಸೆ ಎಲ್ಲಿ ಎಂದು ಟೇಬಲ್ ತಟ್ಟುತ್ತಿದ್ದರು. ನಾನು ನನ್ನ ಮಾತ್ರೆ ಕೊಟ್ಟೆ. ಸ್ವಲ್ಪ ಹೊತ್ತಿನಲ್ಲಿ ಅವರು ಎದ್ದು ಹಿಟ್ಟು ಹೊಯ್ದರು.

"ನಿಮ್ಮ ಕೈಗುಣ ಮಾರಾಯ್ರೇ!"

"ಗಲ್ಲಾ ಡಾಕ್ಟ್ರೇ, ಫೀಸ್ ಎಂತ?" ಎಂದ ಸಪ್ಲೈಯರ್.

"ಮೊದ್ಲು ಆ ಟೇಬಲ್ಲಿಗೆ ಪಾನಿ ಇಡು, ಆಮೇಲೆ ಫೀಸು."

ಆಮೇಲೆ ಅವರು ಆಗಾಗ ಕೇಳಿದರು, ಕೊನೆಗೆ ದಿನವೂ ಕೇಳಿದರು. ಮಾತ್ರೆ ಇಲ್ಲದ ದಿನ ನೋವು ಇನ್ನೂ ಜೋರಾಗಿ ಬರುತ್ತಿತ್ತು. ಗುರುತಿನ ಕೆಮಿಸ್ಟ್ ನನ್ನ ಹಳೆಯ ಚೀಟಿಗೇ ಮತ್ತೆ ಮತ್ತೆ ಕೊಡುತ್ತಿದ್ದ. ಭಟ್ಟರು ಮಲಗಿದರೆ ಕಾವಲಿ ಖಾಲಿ, ಮಾಲೀಕರ ಬೈಗುಳ ನನಗೆ. ಕರುಣೆಯಿಂದ ಕೊಟ್ಟೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು.

ಮೇ ತಿಂಗಳ ಸೆಕೆಯಲ್ಲಿ, ಅದೂ ಕಾವಲಿಯೆದುರು ನಿಂತು, ಭಟ್ಟರು ಹೇಳಿದರು: "ಬೆರಳೆಲ್ಲ ಐಸ್ ಆಗಿದೆ. ಜೋಮು ಹಿಡಿದ ಹಾಗೆ."

"ವಾಯು ಇರ್ಬೇಕು. ಬೆಳ್ಳುಳ್ಳಿ ತಿನ್ನಿ," ಎಂದೆ.

ಕೆಲವೇ ದಿನಗಳಲ್ಲಿ, ಕಾವಲಿ ಗುಡಿಸುವಾಗ ಅವರ ಬಲಗೈ ಬೆರಳುಗಳು ಕಾದ ಕಬ್ಬಿಣಕ್ಕೆ ತಾಗಿ ಹಾಗೇ ನಿಂತವು. "ಭಟ್ರೇ, ಕೈ! ಕೈ!" ಎಂದು ಸಪ್ಲೈಯರ್ ಕೂಗಿದ ಮೇಲೆಯೇ ಅವರು ತೆಗೆದದ್ದು. ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿಕೊಂಡರು.

ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರಿಗೆ ಭಟ್ಟರ ಮಣಿಕಟ್ಟಿನ ನಾಡಿಯೇ ಸಿಗಲಿಲ್ಲ. "ಕೋಯಿ ದವಾ ಲೇತೇ ಹೋ?" ಎಂದು ಕೇಳಿದರು.

ಭಟ್ಟರು ನನ್ನ ಮುಖ ನೋಡಿ, "ನಹೀ ಸಾಬ್," ಎಂದರು. ಯಾವ ಔಷಧವೂ ಇಲ್ಲ. ನನ್ನನ್ನು ಉಳಿಸಲು ಹೇಳಿದ್ದು. ನಾನೂ ಜೇಬಿನಲ್ಲಿದ್ದ ಮಾತ್ರೆಯ ಪಟ್ಟಿಯನ್ನು ಹೊರಗೆ ತೆಗೆಯಲಿಲ್ಲ. ಪೊಲೀಸರು, ಮಾಲೀಕರು, ಕೆಲಸ ಎಲ್ಲವೂ ತಲೆಯಲ್ಲಿ ಸುತ್ತಿದವು. ಹಿರಿಯ ಡಾಕ್ಟರು ಬಂದು, ರಕ್ತ ಮರಳದಿದ್ದರೆ ಬೆರಳುಗಳನ್ನು ಕತ್ತರಿಸಬೇಕಾದೀತು ಎಂದು ಮರಾಠಿಯಲ್ಲಿ ನರ್ಸಿಗೆ ಹೇಳಿದರು. ಭಟ್ಟರಿಗೆ ಮರಾಠಿ ಅಷ್ಟು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು.

ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಕೊಟ್ಟೆ.

"ಕಿಸ್ಕಾ ಹೈ?" ಯಾರದೆಂದು ಹಿರಿಯ ಡಾಕ್ಟರು ಕೇಳಿದರು.

"ಮೇರಾ."

"ಫಿರ್ ಇಸ್ಕೇ ಪೇಟ್ ಮೇ ಕೈಸೇ ಗಯಾ?"

ನನ್ನ ಮಾತ್ರೆ ಅವರ ಹೊಟ್ಟೆಗೆ ಹೇಗೆ ಹೋಯಿತು? ಎಷ್ಟು ದಿನದಿಂದ, ದಿನಕ್ಕೆ ಎಷ್ಟು, ಎಲ್ಲ ಹೇಳಿದೆ. ಬೈಯಲೂ ಪುರುಸೊತ್ತಿಲ್ಲದೆ ಅವರು ಡ್ರಿಪ್ ಹಾಕಿಸಿದರು, ಆ ಮಾತ್ರೆ ಪೂರ್ತಿ ನಿಲ್ಲಿಸಿದರು.

ನಿಲ್ಲಿಸಿದ ಮೇಲಿನ ದಿನಗಳು ಕಷ್ಟದವು. ತಲೆನೋವು ಹಿಂದೆಂದಿಗಿಂತ ಜೋರಾಯಿತು. ಭಟ್ಟರು ನನ್ನ ಅಂಗಿ ಹಿಡಿದು, "ಒಂದು ಕೊಡಿ ಮಾರಾಯ್ರೇ, ಅರ್ಧವಾದ್ರೂ," ಎಂದು ಅತ್ತರು. ಕೇಳುವ ಮೊದಲೇ ಕೊಡುತ್ತಿದ್ದವನು ಆಗ ಇಲ್ಲ ಎನ್ನಬೇಕಾಯಿತು. ಮೆಲ್ಲಗೆ ಬೆರಳುಗಳಿಗೆ ಬಿಸಿ ಮರಳಿತು. ಕಿರುಬೆರಳಿನ ತುದಿ ಮಾತ್ರ ಕಪ್ಪಾಗಿ ಹೋಯಿತು.

ಊರಿನಿಂದ ಅವರ ಹೆಂಡತಿ ಬಂದು ಮುಲುಂಡಿನ ಸಂಬಂಧಿಕರ ಮನೆಯಲ್ಲಿ ಉಳಿದಿದ್ದರು. ಡಿಸ್ಚಾರ್ಜ್ ಆದ ಭಟ್ಟರನ್ನು ನೋಡಲು ಅಲ್ಲಿಗೆ ಹೋದೆ. ಕಾವಲಿಗೆ ತಾಗಿ ಸುಟ್ಟು ಬೆರಳಿನ ತುದಿ ಹೋಯಿತೆಂದು ಭಟ್ಟರು ಎಲ್ಲರಿಗೂ ಹೇಳಿದ್ದರು.

"ನೀವು ಆಸ್ಪತ್ರೆಗೆ ಕರ್ಕೊಂಡು ಹೋಗದಿದ್ರೆ ಕೈಯೇ ಇರ್ತಿರಲಿಲ್ಲ ಅಣ್ಣಾ," ಎಂದು ಆಕೆ ಬಾಳೆಲೆ ಹಾಕಿದರು. ಭಟ್ಟರು ಎಡಗೈಯನ್ನು ಬಲಗೈಯ ಮೇಲಿಟ್ಟು, ತಲೆ ಬಗ್ಗಿಸಿ ಕೂತಿದ್ದರು.

ಮಾತ್ರೆಯ ವಿಷಯ ನಾನು ಹೇಳಬಹುದಿತ್ತು. ಆಕೆ ಎರಡನೇ ಸಲ ಅನ್ನ ಬಡಿಸಿದಾಗಲೂ ಬೇಡ ಎನ್ನಲಿಲ್ಲ.