ಬೆಂಕಿಗೆ ನೀರು ಬೇಡವೆಂದ ಯಶೋದ

ಬೆಳಗಿನ ಆರು ಗಂಟೆ. ಶಿರಾ ರಸ್ತೆಯ ಬದಿಯ ಔಷಧ ಕಚ್ಚಾವಸ್ತು ಕಾರ್ಖಾನೆಯಲ್ಲಿ ಆಳೆತ್ತರದ ಉಕ್ಕಿನ ಪಾತ್ರೆಯೊಂದರ ಮುಂದೆ ಯಶೋದ ನಿಂತಿದ್ದಾರೆ. ಪಾತ್ರೆಯೊಳಗೆ ಮೆಗ್ನೀಸಿಯಂ ಲೋಹದ ತುರಿ, ಅದು ಮುಳುಗುವಷ್ಟು ಈಥರ್ ಎಂಬ, ಥಟ್ಟನೆ ಹೊತ್ತಿಕೊಳ್ಳುವ ದ್ರವ. ಮೇಲಿನ ನಳಿಕೆಯಿಂದ ಬ್ರೋಮಿನ್ ಸೇರಿದ ಇನ್ನೊಂದು ದ್ರವ ಸ್ವಲ್ಪವೇ ಇಳಿದಿದೆ. ಒಳಗೆ ಏನೂ ಆಗುತ್ತಿಲ್ಲ. ಯಶೋದ ವಾಲ್ವ್ ಮುಚ್ಚಿ ಕಾಯುತ್ತಾರೆ.

“ಬಿಸಿ ಏರ್ಲಿಲ್ಲ ಅಂತ ಇನ್ನಷ್ಟು ಬುಟ್ರೆ ಎಲ್ಲಾ ಒಳ್ಗೇ ಸೇರ್ಕಂತದೆ. ಆಮ್ಯಾಕೆ ಒಂದೇ ಸಲ ಎದ್ದುಬುಟ್ರೆ ಹಿಡಿಯೋರಿಲ್ಲ ಸಾರ್,” ಎನ್ನುತ್ತಾರೆ. ಕಣ್ಣು ಮಾತ್ರ ಗಾಜಿನ ಕಿಂಡಿಯ ಮೇಲೇ ಇದೆ. ಕೊನೆಗೂ ಶಾಖದ ಮುಳ್ಳು ಅಲುಗುತ್ತದೆ, ದ್ರವ ಮಸುಕಾಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಕ್ರಿಯೆ ಶುರುವಾಯಿತೆಂದು ಯಶೋದ ವಾಲ್ವನ್ನು ಮತ್ತೆ ಸ್ವಲ್ಪವೇ ತೆರೆಯುತ್ತಾರೆ.

ಇಲ್ಲಿ ಹುಟ್ಟುವುದು ಇಂಗಾಲ ಮತ್ತು ಲೋಹ ನೇರವಾಗಿ ಬೆಸೆದುಕೊಂಡ ವಸ್ತು. ಲೋಹದ ಸಹವಾಸಕ್ಕೆ ಬಿದ್ದ ಇಂಗಾಲ ಸುಮ್ಮನಿರುವುದಿಲ್ಲ. ಇನ್ನೊಂದು ಅಣುವಿನಲ್ಲಿ ಆಮ್ಲಜನಕ ಹೊತ್ತ ಗುಂಪು ಸಿಕ್ಕರೆ ಅದಕ್ಕೆ ಅಂಟಿಕೊಂಡು ಹೊಸ ಅಣುವನ್ನೇ ಕಟ್ಟುತ್ತದೆ. ಎಷ್ಟೋ ಮಾತ್ರೆಗಳ ಹುಟ್ಟು ಹೀಗೆ. ಆದರೆ ಅದಕ್ಕೂ ಮೊದಲು ನೀರು ಸಿಕ್ಕಿತೋ, ನೀರನ್ನೇ ಹಿಡಿದು ಕುದಿದೇಳುತ್ತದೆ, ಉರಿಯುವ ಅನಿಲ ಉಗುಳುತ್ತದೆ.

ಯಶೋದ ಬಡವನಹಳ್ಳಿ ಕಡೆಯ ಹಟ್ಟಿಯವರು. ಗಂಡ ಯೋಗೀಶ ಕುರಿ ಮೇಯಿಸುತ್ತಾರೆ. ಮಧುಗಿರಿಯಲ್ಲಿ ಪಿಯುಸಿ ವಿಜ್ಞಾನ ಮುಗಿಸಿದ ಯಶೋದ ಇಲ್ಲಿಗೆ ಬಂದದ್ದು ಪ್ರಯೋಗಾಲಯದ ಗಾಜಿನ ಸಾಮಾನು ತೊಳೆಯಲು. ಪಾತ್ರೆ ನಡೆಸುವುದನ್ನು ಕಲಿಸಿದವರು ಪಾವಗಡದ ಕೆಮಿಸ್ಟ್ ಗೌರೀಶ್. “ಏನೇ ಹೇಳಿಕೊಟ್ರೂ ಯಾಕೆ ಅಂತ ಕೇಳೋದು ಈಯಮ್ಮ. ಯಾಕೆ ಅಂತ ತಿಳಿದೋರು ಹೆದರಿಕೆ ಬಂದಾಗ್ಲೂ ತಪ್ಪು ಮಾಡಲ್ಲ,” ಎನ್ನುತ್ತಾರೆ ಅವರು.

ಹೋದ ಮಳೆಗಾಲದ ಒಂದು ಬೆಳಿಗ್ಗೆ ಆ ಹೆದರಿಕೆ ಬಂತು. ತಯಾರಾದ ದ್ರವವನ್ನು ಇನ್ನೊಂದು ಪಾತ್ರೆಗೆ ಹರಿಸುವಾಗ ಕೊಳವೆಯ ಜೋಡಣೆಯಲ್ಲಿ ವಾಷರ್ ಕಿತ್ತುಹೋಯಿತು. ನೆಲಕ್ಕೆ ಬಿದ್ದ ದ್ರವ ಹೊಗೆಯಾಡಿ, ನೋಡನೋಡುತ್ತ ಹೊತ್ತಿಕೊಂಡಿತು. ಅದರಾಚೆಗೆ ಈಥರ್ ತುಂಬಿದ ಡ್ರಮ್ಮುಗಳ ಸಾಲು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಲೋಡರ್ ಪರಮೇಶ್ ನೀರಿನ ಪೈಪು ಎಳೆದುಕೊಂಡು ಓಡಿಬಂದರು. ಯಶೋದ ಬೆಂಕಿಗೆ ಬೆನ್ನುಕೊಟ್ಟು ಪೈಪಿಗೆ ಎದುರಾಗಿ ನಿಂತರು.

“ನೀರು ಬುಡಬ್ಯಾಡ ಪರಮೇಶಣ್ಣ.”

“ತಲೆ ಕೆಟ್ಟೈತಾ ನಿಂಗೆ? ಅತ್ಲಾಗೆ ಸರಿಯಮ್ಮ. ಎಲ್ಲಾರೂ ಸುಟ್ಟೋಯ್ತೀವಿ.”

“ನೀರು ಬುಟ್ರೇ ಸುಟ್ಟೋಗಾದು. ಬುಡಾದಾದ್ರೆ ನನ್ ಮ್ಯಾಲೆ ಬುಡು, ಅದ್ರ ಮ್ಯಾಲೆ ಬ್ಯಾಡ.”

ಪರಮೇಶ್ ಪೈಪು ಹಿಡಿದು ಅಲ್ಲೇ ನಿಂತರು. ಆ ಗಳಿಗೆಯಲ್ಲೇ ಯಶೋದ ತಿರುಗಿ, ಉರಿಯ ಪಕ್ಕಕ್ಕೆ ಬಾಗಿ ಪಾತ್ರೆಯ ತಳದ ವಾಲ್ವ್ ತಿರುಗಿಸಿ ಮುಚ್ಚಿದರು. ಕೈಗವಸಿನ ಮೇಲೆ ಉರಿ ಏರಿತು. ಗೌರೀಶ್ ಒಣಮರಳಿನ ಬಕೆಟ್ ತಂದು ಸುರಿದರು. ಪೈಪು ಬಿಸಾಡಿದ ಪರಮೇಶ್ ಕೂಡ ಇನ್ನೊಂದು ಬಕೆಟ್ ಎತ್ತಿಕೊಂಡರು. ಮರಳಿನಡಿ ಬೆಂಕಿ ಉಸಿರುಗಟ್ಟಿ ಸತ್ತಿತು. ಡ್ರಮ್ಮುಗಳು ಇದ್ದಲ್ಲೇ ಇದ್ದವು.

ಯಶೋದರ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಬೆಂದಿತ್ತು. ಶಿರಾ ಆಸ್ಪತ್ರೆಗೆ ಓಡಿಬಂದ ಯೋಗೀಶ, “ಸಾಕು ಕಣಮ್ಮ, ಕುರಿ ಮೇಯಿಸ್ಕಂಡು ಇದ್ಬುಡಾನ,” ಎಂದರು. ಗಾಯ ಮಾಯ್ದ ಮೇಲೆ ಒಂದು ಮುಂಜಾನೆ ಯಶೋದ ಬುತ್ತಿ ಕಟ್ಟಿಕೊಂಡು ಹೊರಟರು. ಯೋಗೀಶ ಬೈಕ್ ಹೊರತೆಗೆದು ಬಸ್ಸಿನವರೆಗೆ ಬಿಟ್ಟರು.

“ಹೆದ್ರಿಕೆ ಆಗ್ಲಿಲ್ವಾ ಅಂತ ಎಲ್ಲಾರೂ ಕೇಳ್ತಾರೆ. ಈಗ್ಲೂ ಆಯ್ತದೆ. ವಾಲ್ವಿಗೆ ಕೈ ಹಾಕ್ದಾಗೆಲ್ಲ ತೋಳು ಜುಮ್ ಅಂತದೆ.” ಆದರೂ ಆ ಪಾತ್ರೆ ಬಿಟ್ಟು ಬೇರೆ ಕೆಲಸವನ್ನು ಅವರು ಕೇಳಿಲ್ಲ. ಪರಮೇಶ್ ಮಾತ್ರ ತಾವಾಗಿಯೇ ಕೇಳಿ ಅವರ ಪಾಳಿಗೆ ಬಂದಿದ್ದಾರೆ. “ಅವತ್ತು ನಾನು ನಲ್ಲಿ ತಿರುಗುಸ್ಬುಟ್ಟಿದ್ರೆ?” ಎಂದಷ್ಟೇ ಹೇಳಿ ಅವರು ಕೆಲಸಕ್ಕೆ ತಿರುಗುತ್ತಾರೆ.

ಆ ಬೆಳಗಿನ ಸುದ್ದಿ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಬೇಸರವಿಲ್ಲವೇ ಎಂದರೆ ಯಶೋದ ನಗುತ್ತಾರೆ.

“ಏನಾದ್ರೂ ಆದ್ರೆ ತಾನೆ ಸಾರ್ ಸುದ್ದಿ? ಏನೂ ಆಗ್ದಂಗೆ ನೋಡ್ಕಳಾದೇ ನನ್ ಕೆಲ್ಸ.”