ಮೊರದಲ್ಲಿ ನಾಣ್ಯ ಆರಿಸುವ ಚಿಕ್ಕಮ್ಮ

ಅಕ್ಕಿಯಲ್ಲಿ ಕಲ್ಲು ಆರಿಸುವ ಮೊರ ನಿಮ್ಮ ಮನೆಯಲ್ಲೂ ಇದ್ದೀತು. ಶಿಕಾರಿಪುರದಲ್ಲಿ ಹಿಟ್ಟಿನ ಗಿರಣಿ ನಡೆಸುವ ನನ್ನ ಚಿಕ್ಕಮ್ಮ ಗಂಗಮ್ಮನ ಮೊರದಲ್ಲಿ ಮಾತ್ರ ಭಾನುವಾರದ ಮಧ್ಯಾಹ್ನ ನಾಣ್ಯಗಳು ಹರಡಿಕೊಂಡಿರುತ್ತವೆ. ಚಿಲ್ಲರೆಗೆಂದು ಬ್ಯಾಂಕಿನಿಂದ ತಂದ ಪೊಟ್ಟಣಗಳನ್ನು ಒಡೆದು, ಭೂತಗನ್ನಡಿ ಹಿಡಿದು ಒಂದೊಂದನ್ನೂ ತಿರುವಿ ನೋಡಿ, ಬೇಕಾದದ್ದು ಸಿಕ್ಕರೆ ಅಷ್ಟೇ ಬೆಲೆಯದನ್ನು ತನ್ನ ಸಂಚಿಯಿಂದ ಬದಲಿಗೆ ಹಾಕಿ, ಉಳಿದವನ್ನು ಗಲ್ಲಾಪೆಟ್ಟಿಗೆಗೆ ಸುರಿಯುವುದು ಅವಳ ಕ್ರಮ. ಇಸವಿಯ ಕೆಳಗಿನ ಚುಕ್ಕೆಯೋ ವಜ್ರವೋ ನಕ್ಷತ್ರವೋ ಆ ನಾಣ್ಯ ಹುಟ್ಟಿದ ಟಂಕಸಾಲೆಯ ಗುರುತೆಂಬುದನ್ನು, ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಅವಳೇ ನನಗೆ ಕಲಿಸಿದಳು. ನಾನೋ ಮನೆತನದ ಮೊದಲ ಪದವೀಧರೆ, ಸೊರಬದಲ್ಲಿ ಅತಿಥಿ ಉಪನ್ಯಾಸಕಿ. ಆಡುವ ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಎರಡು ಬಾರಿ ತಿದ್ದುವ ನನಗೆ, ಕಂಡದ್ದನ್ನು ಕಂಡಂತೆ ನಂಬುವ ಅವಳ ಕಣ್ಣು ಇಂದಿಗೂ ವಿಸ್ಮಯ.

ಗಿರಣಿ ಆರಂಭವಾದ ವರ್ಷದ, ನಕ್ಷತ್ರದ ಗುರುತಿನ, ಹನ್ನೊಂದು ಮೂಲೆಯ ಹಳೆಯ ಎರಡು ರೂಪಾಯಿ ಒಂದು ದೊರೆತರೆ ಅವಳ ಸಂಗ್ರಹದ ಪುಟ ತುಂಬುತ್ತಿತ್ತು. ಗೋಡೆಯ ಮೇಲೆ ಸ್ಕ್ಯಾನ್ ಮಾಡುವ ಚೀಟಿ ಅಂಟಿದಂದಿನಿಂದ ನಾಣ್ಯಗಳ ಬರವೇ ಕಡಿಮೆ. “ಇನ್ನ ಅದು ಸಿಗೋ ಕಾಲ ಮುಗೀತು ಬಿಡವ್ವಾ” ಎನ್ನುತ್ತಲೇ ಅವಳು ಮುಂದಿನ ಪೊಟ್ಟಣ ಬಿಚ್ಚುತ್ತಿದ್ದಳು.

ಅದು ನನಗೆ ಸಿಕ್ಕಿತು! ಸೊರಬದ ಹೋಟೆಲಿನಲ್ಲಿ ಚಹಾ ಕುಡಿದು ಪಡೆದ ಚಿಲ್ಲರೆಯಲ್ಲಿ, ಕಂದುಗಟ್ಟಿ ಕುಳಿತಿತ್ತು. ನಮ್ಮಲ್ಲಿ ಲೋಹದ ಯಾವ ವಸ್ತುವನ್ನೂ ಬೆಳಗದೆ ಹಿರಿಯರ ಕೈಗಿಡುವ ಪದ್ಧತಿಯಿಲ್ಲ. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಸೇರಿಸಿ ಅರ್ಧ ಗಂಟೆ ಉಜ್ಜಿ, ಫಳಫಳನೆ ಹೊಳೆಯಿಸಿ, ವೀಳ್ಯದೆಲೆಯ ಮೇಲಿಟ್ಟು ಒಯ್ದೆ.

ನಕ್ಷತ್ರ ಕಂಡು ಚಿಕ್ಕಮ್ಮನ ಮುಖ ಅರಳಿತು. ಭೂತಗನ್ನಡಿ ಹತ್ತಿರ ತಂದೊಡನೆ ಬಾಡಿತು.

“ಇದಕ್ಕೆ ಸ್ನಾನ ಮಾಡಿಸೀಯೇನೇ?”

“ಕೊಳೆಯಾಗಿತ್ತು ಚಿಕ್ಕಮ್ಮಾ.”

“ಕೊಳೆ ಅಲ್ಲವ್ವಾ, ಅದರ ಮೈಬಣ್ಣ. ಇಷ್ಟು ವರ್ಷ ಊರೂರು ತಿರುಗಿ ಹತ್ತಿಸ್ಕಂಡಿದ್ದು. ಈಗ ನೋಡು, ಮೈತುಂಬ ಗೀರು. ಕಾಲೇಜು ಮೇಡಂ ಕೈಗೆ ಸಿಕ್ರೆ ದುಡ್ಡಿಗೂ ಶಿಸ್ತು!”

ತಿಕ್ಕಿದ ನಾಣ್ಯ ಸಂಗ್ರಹಕ್ಕೆ ಸಲ್ಲದೆಂದು ನನಗೆ ಗೊತ್ತಿರಲಿಲ್ಲ. ಕಣ್ಣು ತುಂಬಿಕೊಂಡು, “ಇಟ್ಟುಬಿಡು ಚಿಕ್ಕಮ್ಮಾ, ಗೀರುಗಳನ್ನು ಯಾರು ನೋಡುತ್ತಾರೆ?” ಎಂದೆ.

“ನಾ ನೋಡ್ತೀನಲ್ಲೇ.”

ಆ ಎರಡು ಪದಗಳಿಗೆ ಸಮನಾದ ಪಾಠವನ್ನು ನಾನು ಯಾವ ತರಗತಿಯಲ್ಲೂ ಕೇಳಿಲ್ಲ, ಹೇಳಿಯೂ ಇಲ್ಲ. ಪರರ ಕಣ್ಣಿಗೆಂದೇ ನನ್ನನ್ನು ಉಜ್ಜಿಕೊಳ್ಳುತ್ತ ಬಂದವಳು ನಾನು. ಅವಳ ಅಚ್ಚುಕಟ್ಟಿಗೆ ಸಾಕ್ಷಿಯೇ ಬೇಕಿರಲಿಲ್ಲ.

ಅಷ್ಟರಲ್ಲಿ ತಾಳಗುಂದದ ಹಿರಿಯರೊಬ್ಬರು ಜೋಳದ ಹಿಟ್ಟು ಕಟ್ಟಿಸಿಕೊಂಡು ಎರಡು ರೂಪಾಯಿ ಚಿಲ್ಲರೆಗೆ ಕೈಚಾಚಿದರು. ಚಿಕ್ಕಮ್ಮ ಆ ನಾಣ್ಯವನ್ನೇ ಕೊಟ್ಟಳು. ನಾನು ತಡೆಯಲೆಂದು ಎದ್ದೆ. ಅವಳ ನೋಟವೇ ಕೂರಿಸಿತು.

“ಏನ್ರೀ ಗಂಗಮ್ಮಾರೇ, ಇವತ್ತೇ ಅಚ್ಚು ಹಾಕ್ಸೀರೇನು?” ಎಂದರು ಹಿರಿಯರು.

“ಹೂಂರೀ, ನಮ್ಮ ಹುಡುಗಿ ಹಾಕಿದ್ದು. ಓಡಾಡಿಸ್ರಿ, ಮತ್ತೆ ಬಣ್ಣ ಹತ್ತಲಿ.”

ಅವರು ಬೀದಿ ತಿರುಗುವವರೆಗೂ ನಾನು ನೋಡುತ್ತಲೇ ಇದ್ದೆ. ಚಿಕ್ಕಮ್ಮ ನೋಡಲಿಲ್ಲ, ಇನ್ನೊಂದು ಪೊಟ್ಟಣ ಒಡೆದು ಅರ್ಧವನ್ನು ನನ್ನತ್ತ ಸರಿಸಿದಳು.

“ಕೂಡು ಬಾ. ಕಣ್ಣು ಚಲೋ ಐತೆ ನಿಂದು. ಕೈಗಷ್ಟೇ ಸುಮ್ನಿರೋದು ಕಲಿಸು.”